ತುಂಬಲೇಬೇಕಾದ ಕಾಲಂ, ತಿದ್ದಬಾರದ ಕಾಲಂ

ಅರ್ಜಿ ಎಂಬ ಮಾತು ಪಾರಸಿಯ ದಾರಿಯಲ್ಲಿ ನಮ್ಮ ನಾಡಿಗೆ ಬಂದದ್ದು. ನಮೂನೆ ಎಂಬುದೂ ಅದೇ ದಾರಿಯಲ್ಲಿ ಬಂತು. ಅವು ಬರುವ ಮೊದಲು ನಮ್ಮವರು ಬಿನ್ನಹ ಮಾಡಿಕೊಳ್ಳುತ್ತಿದ್ದರು. ವಿಜ್ಞಾಪನವೆಂಬ ಸಂಸ್ಕೃತ ಶಬ್ದ ಕನ್ನಡಿಗರ ನಾಲಗೆಯ ಮೇಲೆ ಸವೆದು ಬಿನ್ನಪವಾಗಿ, ಬಿನ್ನಹವಾಗಿ ನಿಂತಿತು. ಬಿನ್ನಹ ಮಾಡುವವನಿಗೆ ಒಂದು ಸ್ವಾತಂತ್ರ್ಯವಿತ್ತು. ತನ್ನ ಕಷ್ಟವನ್ನು ತೋಚಿದ ಕಡೆಯಿಂದ ಆರಂಭಿಸಬಹುದಾಗಿತ್ತು, ಬೇಡವೆನಿಸಿದ್ದನ್ನು ಬಿಡಬಹುದಾಗಿತ್ತು, ಬೇಕೆನಿಸಿದ್ದನ್ನು ಎರಡು ಸಲ ಹೇಳಬಹುದಾಗಿತ್ತು. ಅದರಲ್ಲಿ ಕಾಳೆಷ್ಟು ಜೊಳ್ಳೆಷ್ಟು ಎಂದು ಆರಿಸಿಕೊಳ್ಳುವುದು ಅಧಿಕಾರಿಯ ಕೆಲಸ. ನಮೂನೆ ಬಂದಮೇಲೆ ಆರಿಸುವ ಕೆಲಸ ಬೇಡುವವನ ತಲೆಗೇ ಬಂತು. ಇಷ್ಟು ಕಾಲಂ ಉಂಟು, ಇಷ್ಟನ್ನೂ ತುಂಬು, ಮಿಕ್ಕದ್ದು ನಮಗೆ ಬೇಡ ಎಂದಾಯಿತು.

ಈಗಿನ ಅರ್ಜಿ ಕಾಗದದ ಮೇಲೂ ಇಲ್ಲ. ಶಿಕಾರಿಪುರದಲ್ಲಾಗಲಿ ಸೊರಬದಲ್ಲಾಗಲಿ ಶಾಲೆ ಕಾಲೇಜು ತೆರೆಯುವ ದಿನಗಳಲ್ಲಿ ಕಂಪ್ಯೂಟರ್ ಅಂಗಡಿಗಳ ಮುಂದೆ ತಂದೆತಾಯಿಗಳು ಕಾಗದಪತ್ರದ ಚೀಲ ಹಿಡಿದು ನಿಂತಿರುವುದನ್ನು ನೀವು ನೋಡಿಯೇ ಇದ್ದೀರಿ. ಒಳಗೆ ಪರದೆಯ ಮೇಲೆ ಅರ್ಜಿ ತೆರೆದಿರುತ್ತದೆ. ಕೆಲವು ಕಾಲಂಗಳ ಪಕ್ಕದಲ್ಲಿ ಕೆಂಪು ನಕ್ಷತ್ರದ ಗುರುತು. ಅವನ್ನು ತುಂಬದೆ ಅರ್ಜಿ ಮುಂದಕ್ಕೆ ಹೋಗುವುದಿಲ್ಲ. ಇನ್ನು ಕೆಲವಕ್ಕೆ ಬೂದು ಬಣ್ಣ. ಅವುಗಳಲ್ಲಿ ಏನೋ ಆಗಲೇ ಬರೆದು ಕುಳಿತಿರುತ್ತದೆ, ಓದಬಹುದು, ಮುಟ್ಟಲಾಗದು. ಈ ಎರಡು ಬಗೆಯ ಕಾಲಂಗಳ ವಿಚಾರವನ್ನೇ ಇಂದು ನಿಮ್ಮ ಮುಂದಿಡಬೇಕೆಂದಿದ್ದೇನೆ. ಕನ್ನಡ ಪಂಡಿತನಿಗೆ ಈ ಉಸಾಬರಿ ಏಕೆ ಎನ್ನಬೇಡಿ. ಹೈಸ್ಕೂಲಿನಲ್ಲಿ ಈಗ ನಾವು ಹಳಗನ್ನಡ ಪದ್ಯಕ್ಕೆ ಕೊಡುವಷ್ಟೇ ಹೊತ್ತನ್ನು ಕಾಲಂಗಳಿಗೂ ಕೊಡುತ್ತಿದ್ದೇವೆ. ಸೊರಬದ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಲ್ಲಿ ಇಂಥ ಅರ್ಜಿಗಳನ್ನು ಕಟ್ಟುವ ಕೆಲಸದಲ್ಲಿದ್ದಾನೆ. ರಜಕ್ಕೆ ಬಂದಾಗ ಅವನನ್ನು ಕೂರಿಸಿಕೊಂಡು ಅದರ ಒಳಗುಟ್ಟನ್ನು ಕೇಳಿದೆ.

ಅವನು ಕೆಲಸ ಮಾಡುವ ಭಾಷೆಗೆ ಜಾವಾ ಎಂದು ಹೆಸರು. ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯಲ್ಲಿ ಜೇಮ್ಸ್ ಗಾಸ್ಲಿಂಗ್ ಎಂಬವರೂ ಅವರ ಸಂಗಡಿಗರೂ ರೂಪಿಸಿ 1995ರಲ್ಲಿ ಹೊರತಂದದ್ದು. ಹೆಸರು ಬಂದದ್ದು ಜಾವಾ ದ್ವೀಪದ ಕಾಫಿಯಿಂದ; ಮಲೆನಾಡಿನವರಿಗೆ ಅಷ್ಟು ಪರಕೀಯವೇನಲ್ಲ. ಬ್ಯಾಂಕುಗಳೂ ಸರ್ಕಾರಗಳೂ ಲೋಕದ ನಾನಾ ಕಡೆ ತಮ್ಮ ಅರ್ಜಿಗಳನ್ನು ಈ ಭಾಷೆಯಲ್ಲಿ ಕಟ್ಟಿಸಿಕೊಂಡಿವೆ. ಇಂಥ ಅರ್ಜಿಗೆ ಎರಡು ಠಾವು. ಒಂದು, ನಮ್ಮ ಕಣ್ಣೆದುರಿನ ಪರದೆ. ಅದನ್ನು ಬಾಗಿಲು ಎನ್ನೋಣ. ಇನ್ನೊಂದು, ದೂರದಲ್ಲೆಲ್ಲೋ ಇರುವ ದೊಡ್ಡ ಕಂಪ್ಯೂಟರು, ಇವರು ಸರ್ವರ್ ಎನ್ನುವುದು, ಅದು ಕಚೇರಿ. ಜಾವಾ ಇರುವುದು ಕಚೇರಿಯಲ್ಲಿ. ಕೆಂಪು ನಕ್ಷತ್ರ, ಬೂದು ಬಣ್ಣ ಇವೆಲ್ಲ ಬಾಗಿಲಲ್ಲಿ. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ.

ಕಡ್ಡಾಯದ ಕಾಲಮ್ಮಿನ ತತ್ತ್ವ ನಮ್ಮ ಶಾಸ್ತ್ರಕಾರರಿಗೆ ಹೊಸದಲ್ಲ. ಪದಗಳ ಗುಂಪೊಂದು ವಾಕ್ಯವೆನಿಸಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಬೇಕೆಂದು ಅವರು ಹೇಳಿದರು. 'ರಾಮನು ಹಣ್ಣನ್ನು' ಎಂದು ನಿಲ್ಲಿಸಿದರೆ ಕೇಳುವವರ ಮನಸ್ಸು ಬಾಯಿ ತೆರೆದುಕೊಂಡು ಕಾಯುತ್ತದೆ, ತಿಂದನೋ, ಮಾರಿದನೋ? ಆ ಕಾಯುವಿಕೆಯೇ ಆಕಾಂಕ್ಷೆ. 'ಬೆಂಕಿಯಿಂದ ಗದ್ದೆಯನ್ನು ನೆನೆಸಿದನು' ಎಂದರೆ ಪದಗಳೆಲ್ಲ ಇವೆ, ಆದರೆ ಒಂದಕ್ಕೊಂದು ಒಗ್ಗುವುದಿಲ್ಲ, ಯೋಗ್ಯತೆ ತಪ್ಪಿತು. 'ರಾಮನು' ಎಂದು ಬೆಳಿಗ್ಗೆ ಹೇಳಿ 'ಬಂದನು' ಎಂದು ಸಂಜೆ ಹೇಳಿದರೆ ಸನ್ನಿಧಿ ಇಲ್ಲ. ಅರ್ಜಿಗೂ ಇವೇ ಮೂರು. ಹೆಸರಿನ ಕಾಲಂ ಖಾಲಿ ಬಿಟ್ಟರೆ ಆಕಾಂಕ್ಷೆ ತೀರಲಿಲ್ಲ. ಮಗಳು ಹುಟ್ಟಿದ ದಿನ ತಾಯಿ ಹುಟ್ಟಿದ ದಿನಕ್ಕಿಂತ ಹಿಂದಿನದಾದರೆ ಯೋಗ್ಯತೆ ಇಲ್ಲ. ತಪ್ಪಾದದ್ದು ಹನ್ನೆರಡನೆಯ ಕಾಲಮ್ಮಿನಲ್ಲಿ, ಅದನ್ನು ತಿಳಿಸುವ ಕೆಂಪು ಅಕ್ಷರ ಪುಟದ ತುದಿಯಲ್ಲಿ ಎಂದಾದರೆ ಸನ್ನಿಧಿಯ ದೋಷ. ಅಂಥ ಅರ್ಜಿಗಳನ್ನು ತುಂಬಿ ಬೇಸತ್ತವರಿಗೆ ಈ ಮೂರನೆಯ ದೋಷ ಚೆನ್ನಾಗಿ ಗೊತ್ತು.

ಇನ್ನೂ ಒಂದು ಮಾತಿದೆ. 'ತಿನ್ನು' ಎಂಬ ಧಾತು ಕರ್ಮಪದವನ್ನು ಬೇಡುತ್ತದೆ. 'ಮಲಗು' ಎಂಬುದು ಬೇಡುವುದಿಲ್ಲ. ಸಕರ್ಮಕ, ಅಕರ್ಮಕ ಎಂದು ಎಂಟನೆಯ ತರಗತಿಯ ಮಕ್ಕಳೂ ಬಲ್ಲರು. ಅರ್ಜಿಯಲ್ಲಿಯೂ ಒಂದು ಕಾಲಂ ಕಡ್ಡಾಯವೋ ಅಲ್ಲವೋ ಎಂಬುದು ಬೇರೊಂದು ಕಾಲಮ್ಮನ್ನು ನೋಡಿ ತೀರ್ಮಾನವಾಗಬೇಕು. ವಿವಾಹವಾಗಿದೆಯೆ ಎಂಬುದಕ್ಕೆ ಹೌದು ಎಂದವಳಿಗೆ ಮಾತ್ರ ಗಂಡನ ಹೆಸರನ್ನು ಕೇಳುವುದು ನ್ಯಾಯ. ಎಲ್ಲರನ್ನೂ ಕೇಳಿ, ಉತ್ತರ ಬಾರದೆ ಬಾಗಿಲು ಬಿಡೆನೆಂದರೆ, ಮಲಗಿದವನನ್ನು ಎಬ್ಬಿಸಿ ಏನನ್ನು ಮಲಗಿದೆ ಎಂದು ಕೇಳಿದ ಹಾಗಾಗುತ್ತದೆ.

ಖಾಲಿ ಎಂಬುದರಲ್ಲಿಯೂ ಮೂರು ಬಗೆ ಉಂಟೆಂದು ನನಗೆ ತಿಳಿದದ್ದು ಆ ಶಿಷ್ಯನಿಂದ. ಮದುವೆಮನೆಯ ಮುಯ್ಯಿಯ ದೃಷ್ಟಾಂತದಿಂದ ಹೇಳುತ್ತೇನೆ. ಒಬ್ಬರು ಕವರನ್ನೇ ಕಳಿಸಲಿಲ್ಲ. ಇನ್ನೊಬ್ಬರು ಖಾಲಿ ಕವರು ಕಳಿಸಿದರು. ಮೂರನೆಯವರ ಕವರಿನಲ್ಲಿ ಏನೋ ಇರುವಂತೆ ಉಬ್ಬಿದೆ, ತೆರೆದರೆ ಬಿಳಿಯ ಕಾಗದ. ಜಾವಾದವರು ಈ ಮೂರನ್ನು ಬೇರೆ ಬೇರೆ ಹಿಡಿಯುತ್ತಾರೆ. ನಾಟ್‌ನಲ್, ನಾಟ್‌ಎಂಪ್ಟಿ, ನಾಟ್‌ಬ್ಲ್ಯಾಂಕ್ ಎಂದು ಮೂರು ಆಜ್ಞೆಗಳಿವೆ. ಮೊದಲನೆಯದು 2009ರಲ್ಲಿ ಮಾನ್ಯವಾದ ನಿಯಮಾವಳಿಯಲ್ಲಿಯೇ ಇತ್ತು. ಮಿಕ್ಕೆರಡು 2017ರಲ್ಲಿ ಅದಕ್ಕೆ ಸೇರಿದವು. ಹೊಸದಾಗಿ ಕಲಿತವರು ಮೊದಲನೆಯದೊಂದನ್ನೇ ಹಾಕಿ ಕೈತೊಳೆದುಕೊಳ್ಳುತ್ತಾರಂತೆ. ಆದರೆ ತುಂಬದೆ ಬಿಟ್ಟ ಬರವಣಿಗೆಯ ಕಾಲಂ ಸಾಮಾನ್ಯವಾಗಿ ಕಚೇರಿಗೆ ಬರುವುದು ಖಾಲಿ ಕವರಾಗಿ. ಕವರು ಬಂದಿದೆಯಷ್ಟೆ, ಸರಿ ಎಂದು ಒಳಗೆ ಬಿಟ್ಟುಬಿಡುತ್ತದೆ.

ಇಲ್ಲಿಗೆ ಪಂಡಿತನ ಕೆಲಸ ಆರಂಭ. ಈ ಯಂತ್ರಗಳು ಕನ್ನಡ ಅಕ್ಷರಗಳನ್ನು ಎಣಿಸುವ ಕ್ರಮವೇ ಬೇರೆ. 'ಸ್ತ್ರೀ' ಎಂಬುದು ನಮಗೆ ಒಂದೇ ಅಕ್ಷರ. ಜಾವಾದ ಲೆಕ್ಕದಲ್ಲಿ ಆರು. ಸಕಾರ, ತಕಾರ, ರೇಫ ಮೂರು, ನಡುವಿನ ಎರಡು ವಿರಾಮ ಚಿಹ್ನೆಗಳು, ಕೊನೆಯ ದೀರ್ಘದ ಗುಣಿತ ಒಂದು. 'ಸೊರಬ' ಮೂರಲ್ಲ, ನಾಲ್ಕು. 'ಶಿಕಾರಿಪುರ' ಐದಲ್ಲ, ಒಂಬತ್ತು. ಹೆಸರು ಇಪ್ಪತ್ತು ಅಕ್ಷರ ಮೀರಕೂಡದು ಎಂಬ ನಿಯಮ ಇಂಗ್ಲಿಷಿನವನಿಗೆ ಉದಾರವಾಗಿ ಕಂಡರೂ ಕನ್ನಡದವನನ್ನು ಅರ್ಧ ದಾರಿಯಲ್ಲಿ ನಿಲ್ಲಿಸುತ್ತದೆ. ಇನ್ನೊಂದು ಸ್ವಾರಸ್ಯ ಕೇಳಿ. ಹೆಸರಿನಲ್ಲಿ ಅಕ್ಷರಗಳ ಹೊರತು ಬೇರೇನೂ ಇರಬಾರದೆಂದು ಕೆಲವರು ಕಟ್ಟಳೆ ಹಾಕುತ್ತಾರೆ. ಯೂನಿಕೋಡ್ ಎಂಬ ಜಾಗತಿಕ ಪಟ್ಟಿಯಲ್ಲಿ ನಮ್ಮ ಗುಣಿತದ ಚಿಹ್ನೆಗಳು ಅಕ್ಷರಗಳಲ್ಲ, ಅಕ್ಷರಕ್ಕೆ ಹತ್ತುವ ಗುರುತುಗಳು. ಆದಕಾರಣ 'ಕಮಲ' ಎಂಬ ಹುಡುಗಿ ಒಳಗೆ ಹೋಗುತ್ತಾಳೆ. ಅವಳ ತಂಗಿ 'ಗಿರಿಜ' ಬಾಗಿಲಲ್ಲೇ ಉಳಿಯುತ್ತಾಳೆ. ಕಮಲಳ ಹೆಸರಿನಲ್ಲಿ ಗುಣಿತವಿಲ್ಲ, ಗಿರಿಜಳ ಹೆಸರಿನಲ್ಲಿ ಎರಡು ಗುಡಿಸುಗಳಿವೆ! ಇದನ್ನು ಹೇಳಿದಾಗ ಶಿಷ್ಯ, "ಸರ್, ಇದು ನಮಗೆ ಯಾರೂ ಹೇಳಿರಲಿಲ್ಲ" ಎಂದು ಬರೆದುಕೊಂಡ. ಗುರುಶಿಷ್ಯರ ಸಾಲ ಅಲ್ಲಿಗೆ ಸಮವಾಯಿತು.

ಆಗಲಿ, ಕಾಲಂ ತುಂಬಿತು ಎನ್ನೋಣ. ತುಂಬಿದ್ದು ನಿಜವೆ? ನಮ್ಮ ಕಡೆ ಅರವತ್ತು ದಾಟಿದ ಹತ್ತು ಜನರನ್ನು ಹುಟ್ಟಿದ ದಿನ ಕೇಳಿ ನೋಡಿ. ಜೂನ್ 1 ಎನ್ನುವವರು ಅವರಲ್ಲಿ ಎಷ್ಟು ಜನ ಸಿಕ್ಕುತ್ತಾರೆಂದು ಎಣಿಸಿ. ಜೂನ್ ತಿಂಗಳಲ್ಲಿ ಹೆಂಗಸರಿಗೆ ಹೆಚ್ಚು ಹೆರಿಗೆ ಆಗುತ್ತಿತ್ತೆಂದಲ್ಲ. ಶಾಲೆ ತೆರೆಯುವುದು ಜೂನಿನಲ್ಲಿ. ದಾಖಲಾತಿ ಪುಸ್ತಕದಲ್ಲಿ ಹುಟ್ಟಿದ ತಾರೀಖಿನ ಕಾಲಂ ಖಾಲಿ ಬಿಡುವಂತಿಲ್ಲ. ತಾಯಿಯನ್ನು ಕೇಳಿದರೆ, "ದೊಡ್ಡ ಮಳೆ ಬಂದು ಕೆರೆ ಕೋಡಿ ಬಿತ್ತಲ್ಲ ಮೇಷ್ಟ್ರೆ, ಆ ವರ್ಷ, ಮಾರಿಹಬ್ಬ ಕಳೆದ ವಾರ" ಎಂದು ಹೇಳುತ್ತಿದ್ದಳು. ನಿಜ ಹೇಳಬೇಕೆಂದರೆ ಆ ಉತ್ತರ ಜೂನ್ 1 ಎಂಬುದಕ್ಕಿಂತ ಎಷ್ಟೋ ಖಚಿತವಾದದ್ದು. ಆದರೆ ಅದನ್ನು ಬರೆಯಲು ಪುಸ್ತಕದಲ್ಲಿ ಜಾಗವಿರಲಿಲ್ಲ. ಹಳೆಯ ಕಾಲದ ಉಪಾಧ್ಯಾಯರು ಮಗುವಿನ ಮುಖ ನೋಡಿ, ವಯಸ್ಸು ಊಹಿಸಿ, ಜೂನ್ 1 ಎಂದು ಬರೆದು ಮುಗಿಸಿದರು. ಕಡ್ಡಾಯ ಮಾಡಿದ್ದರಿಂದ ಪುಸ್ತಕ ಪೂರ್ಣವಾಯಿತು. ಆದರೆ ತಾಯಿ ಹೇಳಿದ ದಿನ ಅದರಲ್ಲಿ ಸೇರಲಿಲ್ಲ.

ಮುಂದೇನಾಯಿತು? ಅದೇ ತಾರೀಖು ಎಸ್.ಎಸ್.ಎಲ್.ಸಿ. ಪ್ರಮಾಣಪತ್ರಕ್ಕೆ ಹೋಯಿತು, ಅಲ್ಲಿಂದ ನೌಕರಿಯ ಪುಸ್ತಕಕ್ಕೆ ಹೋಯಿತು. ಅಲ್ಲಿ ಅದರ ಮೇಲೆ ಬೀಗ ಬಿತ್ತು. ನಮ್ಮ ರಾಜ್ಯದಲ್ಲಿ 1974ರ ಸರ್ಕಾರಿ ನೌಕರರ ವಯೋನಿರ್ಣಯದ ಅಧಿನಿಯಮವೇ ಇದೆ. ಸೇವಾಪುಸ್ತಕದಲ್ಲಿ ಒಪ್ಪಿತವಾದ ವಯಸ್ಸನ್ನು ತಿದ್ದಿಸಬೇಕೆಂದರೆ ಮೂರು ವರ್ಷದೊಳಗೆ ಕೇಳಬೇಕು, ಆಮೇಲೆ ಇಲ್ಲ. ನಿವೃತ್ತಿ ಹತ್ತಿರ ಬಂದಾಗ ಎಲ್ಲರಿಗೂ ತಾವು ಚಿಕ್ಕವರೆಂದು ನೆನಪಾಗುವುದರಿಂದ ಇಂಥ ಬೀಗ ಅವಶ್ಯವೇ. ಆದರೂ ಮೊದಲನೆಯ ದಿನ ಅವಸರದಿಂದ ತುಂಬಿದ ಕಾಲಂ ಮುಂದೆ ಒಬ್ಬನ ಎಷ್ಟು ತಿಂಗಳ ಸಂಬಳವನ್ನು ಕೊಡಬಲ್ಲುದು, ಕಳೆಯಬಲ್ಲುದು ನೋಡಿ.

ಎಲ್ಲ ಕಾಲಂ ತುಂಬಿದ ಸುಳ್ಳಿಗೆ ನಮ್ಮ ಈ ಎರಡು ತಾಲ್ಲೂಕುಗಳಲ್ಲಿಯೇ ಒಂದು ಪ್ರಸಿದ್ಧ ನಿದರ್ಶನವಿದೆ. ಬಿ. ಎಲ್. ರೈಸರು ಎಪಿಗ್ರಾಫಿಯ ಕರ್ಣಾಟಿಕದ 7ನೆಯ ಸಂಪುಟವನ್ನು 1902ರಲ್ಲಿ, 8ನೆಯದನ್ನು 1904ರಲ್ಲಿ ಹೊರತಂದರು. ಶಿಕಾರಿಪುರದ ಶಾಸನಗಳು ಮೊದಲನೆಯದರಲ್ಲಿ, ಸೊರಬದವು ಎರಡನೆಯದರಲ್ಲಿ. ಅವುಗಳಲ್ಲಿ ಶಿಕಾರಿಪುರ ತಾಲ್ಲೂಕಿನ ಬೇಗೂರಿನ, ಸೊರಬ ತಾಲ್ಲೂಕಿನ ಕುಪ್ಪಗಡ್ಡೆಯ ತಾಮ್ರಪಟಗಳು ಸೇರಿವೆ. ದಾನ ಕೊಟ್ಟವನು ಯಾರೆಂದುಕೊಂಡಿರಿ? ಪರೀಕ್ಷಿತನ ಮಗ ಜನಮೇಜಯ ಚಕ್ರವರ್ತಿ! ದಾನಶಾಸನವೆಂದರೆ ಅದೂ ಒಂದು ನಮೂನೆಯೇ: ರಾಜನ ಬಿರುದು, ಕಾಲ, ಸಂದರ್ಭ, ಪಡೆದವರು, ಎಲ್ಲೆ, ಕೊನೆಗೆ ಅಳುಪಿದವರಿಗೆ ಶಾಪ. ಚಕ್ರವರ್ತಿಯ ಹೆಸರಿಗೇನೂ ಕೊರತೆ ಮಾಡಿಲ್ಲ. ಆದರೆ ಲಿಪಿಯೂ ಭಾಷೆಯೂ ಭಾರತದ ಕಾಲಕ್ಕೆ ಎಷ್ಟೋ ಶತಮಾನ ಈಚಿನವು. ಇಲ್ಲಿ ಆಕಾಂಕ್ಷೆ ತೀರಿದೆ, ಯೋಗ್ಯತೆ ಇಲ್ಲ. ಶಾಸನತಜ್ಞರು ತಿಥಿಗೂ ವಾರಕ್ಕೂ ಹೊಂದುವುದೋ ಎಂದು ಲೆಕ್ಕ ಹಾಕುವುದು, ಗ್ರಹಣ ನಿಜವಾಗಿ ಆ ದಿನ ಬಿದ್ದಿತ್ತೋ ಎಂದು ನೋಡುವುದು ಇದಕ್ಕಾಗಿಯೇ. ನನ್ನ ಶಿಷ್ಯ ಕಚೇರಿಯ ಕಂಪ್ಯೂಟರಿನಲ್ಲಿ ಮಾಡಿಸುವುದೂ ಅದನ್ನೇ. ಒಂದು ಕಾಲಮ್ಮಿನ ಸಾಕ್ಷ್ಯವನ್ನು ಇನ್ನೊಂದರ ಮುಂದೆ ಹಿಡಿದು ನೋಡುವುದು.

ಇನ್ನು ಬೂದು ಬಣ್ಣದ ಕಾಲಂ. ಬರಹದಲ್ಲಿ ಅಳಿಸುವುದು, ಅಳಿಸಲಾಗದ್ದು ಎಂಬ ಎರಡು ಜಾತಿ ನಮ್ಮಲ್ಲಿ ಹಿಂದಿನಿಂದ ಇವೆ. ಕಡತವೆಂದರೆ ಈಗ ಕಚೇರಿಯ ಫೈಲು ಎಂದು ಅರ್ಥವಾಗಿದೆ. ಮೊದಲು ಅದು ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲಿನ ಪುಡಿಯನ್ನೂ ಬಳಿದು ಮಡಿಸಿದ ಕರಿಯ ಪುಸ್ತಕ. ಬಳಪದಿಂದ ಬರೆಯಬಹುದು, ಒರೆಸಬಹುದು, ಮತ್ತೆ ಬರೆಯಬಹುದು. ಶಾನುಭೋಗರ ಲೆಕ್ಕ, ಅಂಗಡಿಯವರ ಲೆಕ್ಕ ಅದರಲ್ಲಿ. ಶಿಲೆಯದು ಬೇರೆ ಧರ್ಮ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬದ ಮೇಲೆ ಕುಬ್ಜ ಕವಿ ರಚಿಸಿದ ಕದಂಬರ ವೃತ್ತಾಂತ ಐದನೆಯ ಶತಮಾನದಿಂದ ಹಾಗೆಯೇ ನಿಂತಿದೆ, ಓದಬಹುದು, ತಿದ್ದುವಂತಿಲ್ಲ.

ಪರದೆಯ ಬೂದು ಕಾಲಂ ನೋಡಿದವರು ಅದನ್ನು ತಾಳಗುಂದದ ಕಂಬವೆಂದು ತಿಳಿಯುತ್ತಾರೆ. ಅದು ಬರಿಯ ಕಡತ. ಬಲ್ಲವನೊಬ್ಬ ತನ್ನ ಕಂಪ್ಯೂಟರಿನಲ್ಲಿಯೇ ಆ ಬೀಗವನ್ನು ಕ್ಷಣದಲ್ಲಿ ತೆಗೆದು, ಬೇರೆ ಬರೆದು ಕಳಿಸಬಹುದು. ಬಾಗಿಲಿಗೆ ಬಾರದೆ ಹಿತ್ತಿಲ ಕಡೆಯಿಂದ ನೇರವಾಗಿ ಕಚೇರಿಗೆ ಕಾಗದ ಎಸೆಯಲೂ ಬಹುದು. ಆದಾಯದ ಕಾಲಮ್ಮಿನಲ್ಲಿ ತಾನಾಗಿ ಬಂದು ಕುಳಿತಿದ್ದ 2,40,000 ರೂಪಾಯಿಯನ್ನು 40,000 ಮಾಡಿ ಕಳಿಸಿದನೆನ್ನಿ. ಕಚೇರಿ, ಇದು ಬೂದು ಕಾಲಂ, ಯಾರೂ ಮುಟ್ಟಿರಲಾರರು ಎಂದು ನಂಬಿದರೆ ಕೆಟ್ಟಿತು. ಬಡವರ ಮಗುವಿಗೆ ಸಲ್ಲಬೇಕಾದ ಹಣ ಇನ್ನೊಬ್ಬರ ಮನೆಗೆ ಹೋಯಿತು. ಹಳೆಯ ಶಾನುಭೋಗರು ಇದರಲ್ಲಿ ಗಟ್ಟಿಗರು. ರೈತನು ತಂದ ಚೀಟಿಯಲ್ಲಿ ಸರ್ವೆ ನಂಬರೂ ವಿಸ್ತೀರ್ಣವೂ ಬರೆದಿದ್ದರೂ ಅದನ್ನು ಪಕ್ಕಕ್ಕಿಟ್ಟು ತಮ್ಮ ಪುಸ್ತಕ ತೆರೆಯುತ್ತಿದ್ದರು. ಸರಿಯಾದ ಜಾವಾ ಕಾರ್ಯಕ್ರಮವೂ ಹಾಗೆಯೇ: ಬೂದು ಕಾಲಮ್ಮಿನಿಂದ ಏನು ಬಂದರೂ ಅದನ್ನು ಎಣಿಕೆಗೆ ತೆಗೆದುಕೊಳ್ಳದೆ ತನ್ನ ದಾಖಲೆಯಿಂದಲೇ ಮತ್ತೆ ಓದಿಕೊಳ್ಳಬೇಕು. ಕೆಂಪು ನಕ್ಷತ್ರಕ್ಕೂ ಇದೇ ಮಾತು. ಬಾಗಿಲಿನ ತಪಾಸಣೆ ನಮ್ಮ ಸೌಕರ್ಯಕ್ಕೆ. ಕಚೇರಿ ತನ್ನ ತಪಾಸಣೆಯನ್ನು ತಾನೇ ಮಾಡಬೇಕು.

ಬೂದು ಕಾಲಂಗಳಲ್ಲಿಯೂ ಎರಡು ಒಳಭೇದ ಉಂಟು. ರೀಡ್‌ಓನ್ಲಿ ಎಂಬುದರ ಬರಹ ಅರ್ಜಿಯ ಜೊತೆಗೆ ಹೋಗುತ್ತದೆ. ಡಿಸೇಬಲ್ಡ್ ಎಂಬುದರದು ಹೋಗುವುದೇ ಇಲ್ಲ, ಮನೆಯಲ್ಲೇ ಉಳಿಯುತ್ತದೆ. ಅಲ್ಲದೆ, ರೀಡ್‌ಓನ್ಲಿ ಕಾಲಮ್ಮಿಗೆ ನಕ್ಷತ್ರ ಹಾಕಿದರೂ ಬಾಗಿಲಿನವನು ಅದನ್ನು ಪರೀಕ್ಷಿಸುವುದಿಲ್ಲ. ತುಂಬಲು ಬಿಡದೆ ತುಂಬು ಎನ್ನುವುದು ಅನ್ಯಾಯವೆಂದು ಆ ನಿಯಮ ಮಾಡಿದವರಿಗೆ ತೋರಿರಬೇಕು. ಆದರೆ ಒಳಗಿನ ಕಚೇರಿಗೆ ಆ ದಾಕ್ಷಿಣ್ಯವಿರಬೇಕೆಂದೇನೂ ಇಲ್ಲ. ನಮ್ಮ ಶಾಲೆಯ ಒಬ್ಬ ಹುಡುಗಿಯ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ತಂದೆಯ ಹೆಸರಿನ ಕಾಲಂ ಬೂದಾಗಿತ್ತು. ಬೇರೊಂದು ದಾಖಲೆಯಿಂದ ತಾನಾಗಿ ಬರಬೇಕಾದ ಹೆಸರು ಆ ದಾಖಲೆಯಲ್ಲೇ ಇಲ್ಲದ್ದರಿಂದ ಬಂದಿರಲಿಲ್ಲ. ತಾಯಿ ಒಬ್ಬಳೇ ಕೂಲಿ ಮಾಡಿ ಸಾಕಿದ ಮಗು. ಕಳಿಸಿದರೆ ತಂದೆಯ ಹೆಸರು ಕಡ್ಡಾಯ ಎಂದು ಮರಳಿ ಬರುತ್ತಿತ್ತು. ಬರೆಯಹೋದರೆ ಅಕ್ಷರ ಮೂಡುತ್ತಿರಲಿಲ್ಲ. ಕೊನೆಯ ದಿನಕ್ಕೆ ಇನ್ನು ಮೂರೇ ದಿನ. ತಾಯಿ ಎರಡು ದಿನದ ಕೂಲಿ ಬಿಟ್ಟು ಎರಡು ಕಡೆ ಅಲೆದಳು. ಮೂಲ ದಾಖಲೆ ಯಾರ ವಶದ್ದೆಂದು ತಿಳಿಯುವುದರೊಳಗೆ ಗಡುವು ಮುಗಿಯಿತು. ಆ ವರ್ಷ ಹಣ ಬರಲಿಲ್ಲ, ಮರುವರ್ಷ ಬಂತು. ಹುಡುಗಿ ಶಾಲೆ ಬಿಡಲಿಲ್ಲವೆಂಬುದು ಆ ತಾಯಿಯ ದೊಡ್ಡತನ.

ಶಿಷ್ಯನಿಗೆ ಇದನ್ನು ಹೇಳಿದಾಗ ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ಇದಕ್ಕೆ ಉಪಾಯ ಜಾವಾದಲ್ಲಿಯೇ ಇದೆ ಎಂದ. ನಿಯಮಗಳನ್ನು ಗುಂಪು ಗುಂಪಾಗಿ ಕಟ್ಟಬಹುದಂತೆ. ಅರ್ಜಿಯನ್ನು ಮೊದಲು ಸ್ವೀಕರಿಸುವಾಗ ಒಂದು ಗುಂಪು, ಹಣ ಮಂಜೂರು ಮಾಡುವಾಗ ಇನ್ನೊಂದು. ಮೊದಲನೆಯದರಲ್ಲಿ ಆ ಕಾಲಂ ಖಾಲಿ ಇದ್ದರೂ ತಾರೀಖು ಹಾಕಿ ತೆಗೆದುಕೊಂಡರೆ ಗಡುವು ತಪ್ಪುವುದಿಲ್ಲ. ಬೂದು ಕಾಲಮ್ಮಿನ ಕೆಳಗೆ, ಈ ವಿವರ ಇಂಥ ದಾಖಲೆಯಿಂದ ಬಂದದ್ದು, ತಿದ್ದುಪಡಿ ಇಂಥಲ್ಲಿ, ಎಂದು ಒಂದು ಸಾಲು ಬರೆಯಲು ಯಾವ ಭಾಷೆಯಲ್ಲಿಯೂ ಕಷ್ಟವಿಲ್ಲ.

ತಿದ್ದಬಾರದ ಕಾಲಮ್ಮಿಗೂ ತಿದ್ದುವ ಬಾಗಿಲೊಂದು ಬೇರೆ ಕಡೆ ಇರಬೇಕೆಂಬುದಕ್ಕೆ ಪಹಣಿಯೇ ಒಳ್ಳೆಯ ಮಾದರಿ. ಭೂಮಿ ಯೋಜನೆಯಲ್ಲಿ ರಾಜ್ಯದ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ಅದರ 9ನೆಯ ಕಾಲಮ್ಮಿನಲ್ಲಿ ಖಾತೆದಾರರ ಹೆಸರು. ಅದನ್ನು ನೀವಾಗಲಿ ನಾನಾಗಲಿ ಪರದೆಯ ಮೇಲೆ ತಿದ್ದುವಂತಿಲ್ಲ. ಆದರೆ ಅಪ್ಪನ ಹೆಸರಿನ ಜಮೀನು ಮಕ್ಕಳಿಗೆ ಬರುವುದು ನಿಂತಿದೆಯೆ? 1964ರ ಭೂಕಂದಾಯ ಅಧಿನಿಯಮದ 128, 129ನೆಯ ಪ್ರಕರಣಗಳಂತೆ ಹಕ್ಕು ಬಂದದ್ದನ್ನು ವರದಿ ಮಾಡಬೇಕು, ನೋಟೀಸು ಆಗಬೇಕು, ತಕರಾರಿದ್ದರೆ ಕೇಳಬೇಕು, ಆಮೇಲೆ ಎಂ.ಆರ್. ನಂಬರಿನೊಡನೆ ಹೊಸ ಹೆಸರು ಏರುತ್ತದೆ. ಯಾವ ಆಧಾರದಿಂದ ಬದಲಾಯಿತೆಂಬುದೂ ಉಳಿಯುತ್ತದೆ.

ಕಡ್ಡಾಯ ಮಾಡದೆ ಇರುವ ಜಾಣತನಕ್ಕೂ ಒಂದು ಮಾದರಿ ಹೇಳಿ ಮುಗಿಸುತ್ತೇನೆ. ಜನನ ಮರಣ ನೋಂದಣಿಯ 1969ರ ಕಾನೂನಿನಂತೆ ಮಗು ಹುಟ್ಟಿದ 21 ದಿನದೊಳಗೆ ತಿಳಿಸಬೇಕು. ನಾಮಕರಣ ಅಷ್ಟರೊಳಗೆ ಆಗದೆ ಇರಬಹುದು. ಅಜ್ಜಿ ಒಂದು ಹೆಸರೆಂದರೆ ಸೋದರತ್ತೆ ಇನ್ನೊಂದು ಎನ್ನಬಹುದು. ಆ ಕಾನೂನಿನ 14ನೆಯ ಪ್ರಕರಣ ಇದನ್ನು ಬಲ್ಲುದು. ಹೆಸರಿಲ್ಲದೆಯೂ ಜನನ ದಾಖಲಾಗುತ್ತದೆ. ಆಮೇಲೆ 12 ತಿಂಗಳೊಳಗಾದರೆ ಶುಲ್ಕವಿಲ್ಲದೆ, ಅದು ಮೀರಿದರೆ 15 ವರ್ಷದವರೆಗೆ ತಡವಾದ ಶುಲ್ಕ ಕೊಟ್ಟು ಹೆಸರು ಸೇರಿಸಬಹುದು. ಕೇಳುಗರೆ, ನಿಮ್ಮ ಮನೆಯ ಮಕ್ಕಳ ಜನನಪತ್ರವನ್ನು ಪೆಟ್ಟಿಗೆಯಿಂದ ತೆಗೆದು ಒಮ್ಮೆ ನೋಡಿ. ಹೆಸರಿನ ಎದುರಿನ ಜಾಗ ಇನ್ನೂ ಖಾಲಿ ಇದ್ದರೆ, ಮಗು ಹತ್ತನೆಯ ತರಗತಿಗೆ ಬರುವ ಮೊದಲೇ ನೋಂದಣಿ ಮಾಡಿದ ಕಚೇರಿಗೆ ಹೋಗಿ ಬನ್ನಿ.